ಇಪ್ಪತ್ತು ಹೆಜ್ಜೆ ದೂರದಿಂದ

ಸಾವಿನ ಗುಡಾರಕ್ಕೆ ಇನ್ನು ಇಪ್ಪತ್ತು ಹೆಜ್ಜೆ ಇರುವಾಗ ತುರ್ಗುನ್ ಕೇನೆಶನನ್ನು ಮೊಣಕೈಯಿಂದ ಮೆಲ್ಲಗೆ ತಿವಿದ. ಅಳು ಶುರುಮಾಡಬೇಕಾದ ಜಾಗ ಅದು. ಕೇನೆಶ್ ಬಾಯಿ ತೆರೆದ.

ದಾರಿಯುದ್ದಕ್ಕೂ ಅವನು ಇದನ್ನೇ ಅಭ್ಯಾಸ ಮಾಡಿಕೊಂಡು ಬಂದಿದ್ದ. ಭೂಮಾಪನ ಕಚೇರಿಯ ಪರವಾಗಿ ಹೊರಟಿದ್ದವರು ಇಬ್ಬರೇ, ಮುಖ್ಯಸ್ಥ ತುರ್ಗುನ್ ಮತ್ತು ಇವನು. ತೀರಿಕೊಂಡಿದ್ದವಳು ನ್ಯಾಯಾಧೀಶ ಇಮಾನಾಲಿಯವರ ಹೆಂಡತಿ ಅನಿಪಾ. ‘ನಮ್ಮ ಹಿರಿಯಕ್ಕಾ’ ಎಂದು ಕೂಗಿದರೆ ಸಾಕು, ಹೊರಗಿನವರ ಅಳು ಅಷ್ಟೇ ಇರಬೇಕು, ಹೆಚ್ಚಾದರೆ ನಾಟಕ ಅನ್ನುತ್ತಾರೆ, ಕಡಿಮೆಯಾದರೆ ಸೊಕ್ಕು ಅನ್ನುತ್ತಾರೆ ಎಂದು ತುರ್ಗುನ್ ಕಾರು ಓಡಿಸುತ್ತಲೇ ಪಾಠ ಹೇಳಿದ್ದ. ಕೇನೆಶ್ ತಲೆಯಾಡಿಸಿ ಮನಸ್ಸಿನಲ್ಲೇ ಮೂರು ಸಲ ಹೇಳಿಕೊಂಡಿದ್ದ. ನಮ್ಮ ಹಿರಿಯಕ್ಕಾ. ನಮ್ಮ ಹಿರಿಯಕ್ಕಾ. ಐವತ್ತೆರಡು ವರ್ಷದವನಿಗೆ ಇಷ್ಟು ಸಣ್ಣ ಮಾತಿಗೆ ಇಷ್ಟು ಭಯ ಇರಬಾರದು ಎಂದು ತನ್ನನ್ನೇ ಬೈದುಕೊಂಡಿದ್ದ.

ಆದರೆ ಬಾಯಿಯಿಂದ ಬಂದದ್ದು ಬೇರೆ.

“ನನ್ನ ಹಡೆದವ್ವಾ... ನನ್ನ ಬಿಟ್ಟು ಎಲ್ಲಿ ಹೋದೆ, ನನ್ನ ಹಡೆದವ್ವಾ...”

ಗುಡಾರದೊಳಗೆ ಕಂಬಳಿ ಗೋಡೆಗೆ ಮುಖಮಾಡಿ ಕುಳಿತು ಶೋಕದ ಹಾಡು ಹೇಳುತ್ತಿದ್ದ ಅನಿಪಾಳ ಮಗಳು ಸೈರಾಳ ದನಿ ಒಂದು ಕ್ಷಣ ನಿಂತುಹೋಯಿತು. ಒಲೆಯ ಮೇಲಿನ ದೊಡ್ಡ ಕಡಾಯಿಯಲ್ಲಿ ಕುದುರೆ ಮಾಂಸ ಕಲಕುತ್ತಿದ್ದವರು ಸೌಟು ಹಿಡಿದೇ ತಿರುಗಿ ನೋಡಿದರು. ತುರ್ಗುನ್‌ನ ಅಳು ಅರ್ಧದಲ್ಲಿ ಗಂಟಲಿಗಿಳಿಯಿತು. ಆ ಕೂಗು ಹೊಟ್ಟೆಯಲ್ಲಿ ಹುಟ್ಟಿದ ಗಂಡುಮಕ್ಕಳದು. ಸೊಂಟಕ್ಕೆ ಪಟ್ಟಿ ಬಿಗಿದು, ಕೋಲೂರಿ, ಗುಡಾರದ ಹೊರಗೆ ನಿಂತು ಅಳುವವರದು. ಬೇರೆ ಯಾರೂ ಅದನ್ನು ಬಾಯಲ್ಲಿ ತರುವುದಿಲ್ಲ. ತಂದರೆ, ಆ ಜಾಗ ತನ್ನದೆಂದು ಊರ ಮುಂದೆ ಹೇಳಿದಂತೆ.

ಅನಿಪಾಳಿಗೆ ಗಂಡುಮಕ್ಕಳಿರಲಿಲ್ಲ. ಆ ಜಾಗದಲ್ಲಿ ಪಟ್ಟಿ ಕಟ್ಟಿಕೊಂಡು ನಿಂತಿದ್ದವನು ನ್ಯಾಯಾಧೀಶರ ತಮ್ಮನ ಮಗ ಬೈಶೆನ್. ಅವನು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೇನೆಶನನ್ನು ಮೇಲಿಂದ ಕೆಳಗೆ ನೋಡಿದ.

“ಏನಣ್ಣ, ಭೂಮಿ ಅಳೆಯೋರಿಗೇ ಅಳತೆ ತಪ್ಪಿತಾ? ಯಾರ ಜಾಗದಲ್ಲಿ ಗೂಟ ಹೊಡೀತಿದ್ದೀಯ?”

ಕೇನೆಶನ ಕಣ್ಣೀರು ಇಳಿಯುತ್ತಲೇ ಇತ್ತು. ಅದನ್ನು ಒರೆಸಿಕೊಂಡರೆ ತಪ್ಪೋ, ಬಿಟ್ಟರೆ ತಪ್ಪೋ ಎಂದೂ ತಿಳಿಯಲಿಲ್ಲ.

*

ಅವನ ಸ್ವಂತ ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ. ಗುಡಾರದ ಬಳಿ ನಿಲ್ಲಲು ಬಿಡದೆ ಒಂದು ಸಕ್ಕರೆ ಉಂಡೆ ಕೊಟ್ಟು ಪಕ್ಕದ ಮನೆಗೆ ಕಳಿಸಿದ್ದರು. ‘ಹಡೆದವ್ವಾ’ ಎಂಬ ಮಾತನ್ನು ಅವನು ಬದುಕಿನಲ್ಲಿ ಯಾರಿಗೂ ಕೂಗಿರಲಿಲ್ಲ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಗಲೆಲ್ಲ ಉಣ್ಣೆ ಗೋದಾಮಿನಲ್ಲಿ ಮೂಟೆ ಹೊತ್ತು ಸಂಜೆ ಶಾಲೆಗೆ ಹೋಗುತ್ತಿದ್ದ. ನರಿನ್ ಕಣಿವೆಯ ಜನವರಿಯಲ್ಲಿ ಪೆನ್ನು ಹಿಡಿಯುವುದಕ್ಕೂ ಬೆರಳು ಮಡಚುತ್ತಿರಲಿಲ್ಲ. ಶಾಲೆಯಲ್ಲಿ ಒಲೆ ಹಚ್ಚುವ ಹೆಂಗಸೊಬ್ಬಳಿದ್ದಳು. ಗಿಡ್ಡ ಆಳು, ಬೂದು ಶಾಲು, ಕೈಯಲ್ಲಿ ಸದಾ ಇದ್ದಿಲ ಮಸಿ. ಮೊದಲ ವಾರವೇ ಬಾಗಿಲಲ್ಲಿ ಅವನ ಕೈ ನೋಡಿ, ಒಲೆಯ ಬೂದಿಯಿಂದ ಒಂದು ಬಿಸಿ ಆಲೂಗಡ್ಡೆ ಕೆದಕಿ ತೆಗೆದು ಅವನ ಕೋಟಿನ ಜೇಬಿಗೆ ಹಾಕಿದಳು.

“ಬೆರಳು ಬಿಚ್ಚೋ ತನಕ ಹಿಡ್ಕೋ. ಬಿಚ್ಚಿದ ಮೇಲೆ ಬರಿ. ಬರೆದಾದ ಮೇಲೆ ತಿನ್ನು. ಮೊದ್ಲೇ ತಿಂದ್ಯೋ, ನಾಳೆ ಇಲ್ಲ.”

ಎರಡು ಚಳಿಗಾಲ ದಿನಾ ಒಂದು ಆಲೂಗಡ್ಡೆ. ಒಮ್ಮೆ ಹಿಮಗಾಳಿ ಎದ್ದ ಸಂಜೆ ಮೇಷ್ಟರೂ ಬರಲಿಲ್ಲ, ಬೇರೆ ಯಾರೂ ಬರಲಿಲ್ಲ. ಇವನೊಬ್ಬ ಬಂದಿದ್ದ, ಅದೂ ಇನ್ನು ಮುಂದೆ ಬರುವುದಿಲ್ಲ, ರೇಖಾಗಣಿತ ನನ್ನ ತಲೆಗೆ ಹತ್ತುವುದಿಲ್ಲ ಎಂದು ಹೇಳಿ ಹೋಗಲು. ಅವಳು ಕೇಳಿಸಿಕೊಂಡಳು. ಆಮೇಲೆ ಮಸಿ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮುಂದಿನ ಬೆಂಚಿನಲ್ಲಿ ಬಂದು ಕೂತಳು.

“ಒಲೆ ಹಚ್ಚಿ ಆಗಿದೆ. ಇವತ್ತಿನ ಸೌದೆ ವಾಪಸ್ ಕಾಡಿಗೆ ಹೋಗಲ್ಲ. ಓದು, ನನಗೆ ಹೇಳಿಕೊಡು.”

ತ್ರಿಕೋನ ಅಂದರೆ ಏನು ಎಂದು ಅವಳಿಗೆ ತಿಳಿಸಲು ಹೋಗಿ ಅವನಿಗೇ ತಿಳಿಯಿತು. ಅವಳು ನ್ಯಾಯಾಧೀಶರ ಹೆಂಡತಿ ಎಂದು ಗೊತ್ತಾದದ್ದು ವಸಂತ ಬಂದ ಮೇಲೆ. ಜಡ್ಜರ ಮನೆಯವಳು ಒಲೆ ಊದುವುದೇ ಎಂದು ಊರಿನವರು ಆಡಿಕೊಂಡಾಗ, ಅದನ್ನು ತಡೆಯುವ ಕಾನೂನು ತಾನು ಎಲ್ಲೂ ಓದಿಲ್ಲ ಎಂದು ಇಮಾನಾಲಿ ಹೇಳಿದರಂತೆ.

ಆಮೇಲೆ ಅವನಿಗೆ ಸರ್ಟಿಫಿಕೇಟ್ ಬಂತು, ಕೆಲಸ ಬಂತು. ಮೂವತ್ತು ವರ್ಷ ಅದೇ ಊರಿನಲ್ಲಿದ್ದೂ ಅವನು ಆ ಮನೆಯ ಬಾಗಿಲು ತಟ್ಟಲಿಲ್ಲ. ಎರಡು ಸಲ ಹೊರಟಿದ್ದ. ಭೂಮಿ ಕಚೇರಿಯವನು ಜಡ್ಜರ ಮನೆಗೆ ಹೋದರೆ ಯಾವುದೋ ಮೊಕದ್ದಮೆಯ ಕೆಲಸಕ್ಕೆ ಅನ್ನುತ್ತಾರೆ ಎಂದು ಎರಡು ಸಲವೂ ಸೇತುವೆಯ ಬಳಿಯಿಂದ ತಿರುಗಿದ್ದ. ಸಂತೆಯಲ್ಲಿ ಕಂಡರೆ ಟೋಪಿ ತೆಗೆದು ನಮಸ್ಕರಿಸುತ್ತಿದ್ದ, ಅಷ್ಟೆ. ಅವಳು ಪ್ರತಿ ಸಲವೂ ಮೊದಲು ಅವನ ಕೈ ನೋಡುತ್ತಿದ್ದಳು.

*

ಜಗಳ ದೊಡ್ಡದಾಗಲಿಲ್ಲ, ಸಾವಿನ ಮನೆಯಲ್ಲಿ ಯಾರೂ ದನಿ ಏರಿಸುವುದಿಲ್ಲ. ಆದರೆ ಅದು ಹುಲ್ಲಿನ ಬೆಂಕಿಯ ಹಾಗೆ ತಳದಲ್ಲೇ ಹರಡಿತು. ಈಗ ದೊಡ್ಡವರ ಕಣ್ಣಿಗೆ ಬೀಳಲು ಇದೊಂದು ದಾರಿ ಎಂದು ಒಬ್ಬರು ಅಂದರು. ಪಾಪ, ಗಾಬರಿಯಲ್ಲಿ ಬಾಯಿ ತಪ್ಪಿದೆ, ಚಹಾ ಕುಡಿಸಿ ಕಳಿಸಿ ಎಂದರು ಇನ್ನೊಬ್ಬರು. ಎಲ್ಲದಕ್ಕಿಂತ ಕೇನೆಶನನ್ನು ಕೊರೆದದ್ದು ಮೊದಲನೆಯ ಮಾತು. ತನ್ನೊಳಗೆ ಎಲ್ಲೋ ಅದೂ ಇದ್ದಿರಬಹುದೇ ಎಂದು ಅವನು ಪ್ರಾಮಾಣಿಕವಾಗಿ ಹುಡುಕಿ ನೋಡಿದ. ಇಲ್ಲ ಎಂದು ಪ್ರಮಾಣ ಮಾಡುವ ಧೈರ್ಯ ಬರಲಿಲ್ಲ. ಹೊರಟುಹೋಗುವುದೇ ಮೇಲೆಂದು ತುರ್ಗುನ್‌ನ ತೋಳು ಹಿಡಿದ.

ಅಷ್ಟರಲ್ಲಿ ಕೆಲಸ ಕಾರ್ಯದ ಉಸ್ತುವಾರಿ ಹೊತ್ತಿದ್ದ ಮುದುಕ ಜುಮಾಶ್ ಅಜ್ಜ ಅವನನ್ನು ನಿಲ್ಲಿಸಿ, ನ್ಯಾಯಾಧೀಶರು ಕೂತಿದ್ದಲ್ಲಿಗೆ ಕರೆದುಕೊಂಡು ಹೋದ.

ಇಮಾನಾಲಿಯವರಿಗೆ ಎಂಬತ್ತನಾಲ್ಕು. ನಲವತ್ತು ವರ್ಷ ಹುಲ್ಲುಗಾವಲಿನ, ನೀರಿನ ಜಗಳಗಳನ್ನು ಬಗೆಹರಿಸಿದ ಮನುಷ್ಯ. ಅವರ ಕೋರ್ಟಿನ ಕೋಣೆಯಿಂದ ಸೋತು ಬಂದವರೂ ಹಬ್ಬಕ್ಕೆ ಅವರ ಮನೆಗೆ ಹೋಗುತ್ತಿದ್ದರು. ಈಗ ಗುಡಾರದ ಬಲಕ್ಕೆ ಒಂದು ಕುರ್ಚಿಯಲ್ಲಿ, ಬಿಳಿ ಕಂಬಳಿ ಟೋಪಿ ಹಾಕಿಕೊಂಡು, ಒಣಗಿದ ಕಣ್ಣುಗಳೊಡನೆ ಕೂತಿದ್ದರು. ಹೆಂಡತಿ ಸತ್ತರೆ ಗಂಡಸು ಗಟ್ಟಿಯಾಗಿ ಅಳುವ ಹಾಗಿಲ್ಲ. ತಂದೆಗೆ ಅಳಬಹುದು, ಅಣ್ಣನಿಗೆ ಅಳಬಹುದು, ಕುದುರೆಗೆ ಅತ್ತವರೂ ಇದ್ದಾರೆ.

ಅವರ ಮುಂದೆ ಪ್ರಾಂತ್ಯದಿಂದ ಬಂದ ದೊಡ್ಡ ಅಧಿಕಾರಿಯೊಬ್ಬ ಬಾಗಿ ನಿಂತು, ಹಿಂದಿನಿಂದ ಹೇಳಿಕೊಂಡು ಬಂದ ಸಮಾಧಾನದ ಮಾತು ಹೇಳುತ್ತಿದ್ದ. ಹೆಂಡತಿ ಹೋದರೆ ಚಾವಟಿಯ ಹಿಡಿ ಮುರಿದ ಹಾಗೆ, ಹೊಸದು ಹಾಕಿಸಬಹುದು, ಗಟ್ಟಿಯಾಗಿರಿ, ಎಂದ.

ನ್ಯಾಯಾಧೀಶರು ತಲೆ ಎತ್ತಿದರು.

“ಚಾವಟಿ ನನ್ನ ಕೈಲಿತ್ತು ಅಂತ ನಿಮಗೆ ಯಾರಪ್ಪ ಹೇಳಿದ್ದು?”

ಪಕ್ಕದಲ್ಲಿದ್ದ ಮುದುಕರು ಗಡ್ಡದೊಳಗೆ ನಕ್ಕರು. ಅಧಿಕಾರಿಯೂ ನಕ್ಕು, ಆಮೇಲೆ ನಗಬಾರದಿತ್ತೇನೋ ಎಂದು ಹಿಂದೆ ಸರಿದ. ಜುಮಾಶ್ ಅಜ್ಜ ನಡೆದದ್ದನ್ನು ಹೇಳಿದ. ಬೈಶೆನ್ ಬಂದು ತನ್ನ ಮಾತನ್ನೂ ಸೇರಿಸಿದ: ಇವತ್ತು ಅವ್ವ ಅಂದವನು ನಾಳೆ ಇನ್ನೇನು ಅನ್ನುತ್ತಾನೋ, ಇದನ್ನು ಈಗಲೇ ತೀರ್ಮಾನಿಸಬೇಕು.

ನ್ಯಾಯಾಧೀಶರು ಕೇನೆಶನ ಕಡೆ ತಿರುಗಿದರು. “ಹಾಗೆ ಕೂಗು ಅಂತ ಯಾರಾದ್ರೂ ಹೇಳಿಕೊಟ್ರಾ?”

“ಇಲ್ಲ ಅಜ್ಜ. ಬೇರೆ ಹೇಳಿಕೊಟ್ಟಿದ್ರು.”

“ಕೂಗೋಣ ಅಂತ ನೀನು ಮೊದ್ಲೇ ಅಂದ್ಕೊಂಡಿದ್ಯಾ?”

“ಇಲ್ಲ. ತಪ್ಪಾಯ್ತು. ನನಗೆ ಆ ಹಕ್ಕಿಲ್ಲ. ಆಲೂಗಡ್ಡೆ ಕೊಡ್ತಿದ್ರು ನನಗೆ, ಅಷ್ಟೇ... ಸಂಜೆ ಶಾಲೇಲಿ. ಆಮೇಲೆ ನಾನು ಒಂದು ದಿನಾನೂ ಬಂದು ನೋಡಲಿಲ್ಲ.”

ನ್ಯಾಯಾಧೀಶರ ತುಟಿಯ ಮೂಲೆ ಅಲ್ಲಾಡಿತು.

“ಓಹೋ. ನೀನಾ? ಆ ಎರಡು ಚಳಿಗಾಲ ನಮ್ಮ ನೆಲಮಾಳಿಗೇಲಿ ಆಲೂಗಡ್ಡೆ ಬೇಗ ಮುಗೀತಿತ್ತು. ಎಲ್ಲಿಗೆ ಹೋಗುತ್ತೆ ಅಂತ ಕೇಳಿದೆ. ಎಷ್ಟು ವಿಚಾರಣೆ ಮಾಡಿದ್ರೂ ಹೆಸರು ಬಾಯಿ ಬಿಡಲಿಲ್ಲ ಅವಳು. ನನ್ನ ಮುಂದೆ ಹಾಗೆ ಗೆದ್ದವರು ಅವಳೊಬ್ಬಳೇ.”

ಆಮೇಲೆ ಬೈಶೆನ್‌ಗೆ ಹೇಳಿದರು, ಕೋಣೆಯಲ್ಲಿ ತೀರ್ಪು ಓದುತ್ತಿದ್ದ ಅದೇ ಮೆಲುದನಿಯಲ್ಲಿ:

“ಯೋಚನೆಗಿಂತ ಮುಂಚೆ ಬಾಯಿಗೆ ಬಂದ ಮಾತಿನಲ್ಲಿ ಸುಳ್ಳಿರಲ್ಲ. ನಲವತ್ತು ವರ್ಷ ಅದನ್ನೇ ನಂಬಿ ತೀರ್ಪು ಕೊಟ್ಟಿದ್ದೀನಿ. ಇವನಿಗೆ ಪಟ್ಟಿ ಕಟ್ಟಿ. ನಿನ್ನ ಪಕ್ಕ ನಿಲ್ಲಲಿ.” ತುಸು ಬಿಟ್ಟು ಸೇರಿಸಿದರು, “ಯಾರಾದ್ರೂ ಗಟ್ಟಿಯಾಗಿ ಅಳಬೇಕಲ್ಲಪ್ಪ.”

*

ಮಧ್ಯಾಹ್ನದವರೆಗೆ ಅವನು ಅಲ್ಲೇ ನಿಂತ. ಬಂದವರೆಲ್ಲ ಅವನ ಕೈ ಹಿಡಿದು, ತಾಯಿಯ ದಾರಿ ಬೆಳಕಾಗಲಿ ಎಂದು ಹೇಳಿ ಒಳಗೆ ಹೋದರು. ಪ್ರತಿಯೊಂದು ಕೈಯೂ ಅವನಿಗೆ ಕಳ್ಳ ಸಾಮಾನು ತೆಗೆದುಕೊಂಡಂತೆ ಭಾರವಾಯಿತು. ಕೂಗುತ್ತಿದ್ದ, ಆದರೆ ಸಣ್ಣಗೆ, ಬೈಶೆನ್‌ನ ದನಿಯ ಹಿಂದೆ ಅಡಗಿಕೊಂಡು. ಒಮ್ಮೆ ಬೈಶೆನ್ ಕಣ್ಣು ಕೆಳಗೆ ಹಾಕಿಕೊಂಡೇ ಗೊಣಗಿದ, “ಕೋಲು ಹಾಗೆ ಹಿಡೀಬೇಡ ಅಣ್ಣ, ಜಮೀನು ಅಳೆಯೋ ಸರಪಣಿ ಅಲ್ಲ ಅದು. ಎರಡು ಕೈಯಲ್ಲಿ ಹಿಡಿದು ಭಾರ ಬಿಡು.” ಅಷ್ಟು ಹೊತ್ತಿಗೆ ಅವನ ದನಿಯಲ್ಲಿ ಮುಳ್ಳಿರಲಿಲ್ಲ.

ದೇಹವನ್ನು ಹೊರಗೆ ತಂದಾಗ ಜುಮಾಶ್ ಅಜ್ಜ ಸೇರಿದ ಜನರನ್ನು ವಾಡಿಕೆಯಂತೆ ಕೇಳಿದ, ಇವಳು ಹೇಗಿದ್ದಳು? ಒಳ್ಳೆಯವಳಾಗಿದ್ದಳು ಎಂದು ಮುನ್ನೂರು ಗಂಡಸರು ಒಟ್ಟಿಗೆ ಹೇಳಿದರು. ಹಿಂದಿನ ಸಾಲಿನಲ್ಲಿ ಒಬ್ಬ ಲಾರಿ ಡ್ರೈವರು ಎಲ್ಲರ ನಂತರ ಇನ್ನೊಮ್ಮೆ, ತನ್ನಷ್ಟಕ್ಕೆ, ಹೇಳಿದ. ಅವನ ಪಕ್ಕ ಕ್ಷೌರಿಕ, ಅವನ ಪಕ್ಕ ಕಾಲುವೆ ಕಾಯುವವನು. ಕೇನೆಶ್ ಮೂವರ ಮುಖವನ್ನೂ ಗುರುತಿಸಿದ. ಸಂಜೆ ಶಾಲೆಯ ಹಿಂದಿನ ಬೆಂಚು. ಮೂವರೂ ಕೈಗಳನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದರು.

ಗುಡ್ಡದ ಮೇಲಿನ ಗೋರಿಗೆ ಹೋಗಲು ನ್ಯಾಯಾಧೀಶರ ಮೊಣಕಾಲು ಬಿಡಲಿಲ್ಲ. ಅವರು ಕುರ್ಚಿಯಲ್ಲೇ ಉಳಿದರು. ಮಣ್ಣು ಹಾಕಿ ಮುಗಿಸಿ, ಗಂಡಸರು ಇಳಿದು ಬರುವಾಗ ಬಿಸಿಲು ಬೆಟ್ಟದ ಹಿಮದ ಮೇಲಷ್ಟೇ ಇತ್ತು. ವಾಪಸ್ ಬಂದವರು ಗುಡಾರದ ಮುಂದೆ ಇನ್ನೊಮ್ಮೆ ಅಳಬೇಕು, ಮಗ ಎಲ್ಲರಿಗಿಂತ ಮುಂದೆ.

ಬೈಶೆನ್ ಒಂದು ಹೆಜ್ಜೆ ಹಿಂದೆ ನಿಂತ.

ಇಪ್ಪತ್ತು ಹೆಜ್ಜೆ. ಬೆಳಿಗ್ಗೆ ಆ ಮಾತು ತಾನಾಗಿ ಬಂದಿತ್ತು. ಈಗ ಕೇನೆಶನಿಗೆ ಪ್ರತಿಯೊಂದು ಅಕ್ಷರವೂ ಬಾಯಿಗೆ ಬರುವ ಮೊದಲೇ ಗೊತ್ತಿತ್ತು. ಜನ ಏನನ್ನುತ್ತಾರೆ ಎಂಬುದೂ ಗೊತ್ತಿತ್ತು. ಕೋಲನ್ನು ಎರಡು ಕೈಯಲ್ಲಿ ಹಿಡಿದು ಭಾರ ಬಿಟ್ಟ.

“ನನ್ನ ಹಡೆದವ್ವಾ...”

ಕುರ್ಚಿಯಲ್ಲಿ ನ್ಯಾಯಾಧೀಶರು ಮುಖವನ್ನು ಗುಡಾರದ ಕಂಬಳಿಯ ಕಡೆ ತಿರುಗಿಸಿದರು. ತುಟಿ ಬಿಗಿದಿತ್ತು. ಅವರ ಬಲಗೈ ಮಾತ್ರ ಗುಡಾರ ಬಿಗಿದ ಹಗ್ಗವನ್ನು ಹಿಡಿದಿತ್ತು. ಕೇನೆಶ್ ಕೂಗಿದಾಗಲೆಲ್ಲ ಆ ಕೈ ಹಗ್ಗವನ್ನು ಜಗ್ಗುತ್ತಿತ್ತು, ಗುಡಾರವೇ ತುಸು ನಡುಗುವಷ್ಟು. ಉಸಿರು ಸಾಲದೆ ಅವನು ಕೂಗು ನಿಲ್ಲಿಸಿದ. ಕೈ ಹಗ್ಗ ಬಿಡಲಿಲ್ಲ. ಕಾಯುತ್ತಿತ್ತು.

ಕೇನೆಶ್ ಎದೆತುಂಬ ಉಸಿರೆಳೆದುಕೊಂಡ.