ಮುದಕವ್ವ ಬರೆಸಿದ ‘ಇಲ್ಲ’

ಮುದಕವ್ವನ ಮನೆಯಲ್ಲಿ ‘ಇಲ್ಲ’ ಎನ್ನುವಂತಿಲ್ಲ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ಸೊಸೆ ಜ್ಯೋತಿ, “ಅತ್ತಿ, ಅಕ್ಕಿ ಹೆಚ್ಚಿಗಿ ಆಗ್ಯಾವ್ರಿ” ಎನ್ನಬೇಕು. ಎಣ್ಣೆ ತೀರಿದರೂ ಹೆಚ್ಚಿಗೆಯೇ. ‘ಇಲ್ಲ’ ಎಂದರೆ ಅಶುಭ ಎಂಬ ಈ ರೂಢಿ ಹಳಿಯಾಳದ ಕಡೆಯ ನಮ್ಮ ಊರಲ್ಲಿ ಎಲ್ಲರ ಮನೆಯಲ್ಲೂ ಇದೆ. ಆದರೆ ಮುದಕವ್ವನಷ್ಟು ಕಟ್ಟುನಿಟ್ಟು ಯಾರದ್ದೂ ಅಲ್ಲ. ಪಕ್ಕದ ಮನೆಯವಳು ನಾನು. ಆಕೆಯ ಎದುರು ವಾದ ಮಾಡಿ ಗೆದ್ದವರನ್ನು ಮೂವತ್ತು ವರ್ಷದಲ್ಲಿ ಕಂಡಿಲ್ಲ.

ಮೊಮ್ಮಗಳು ಪೂರ್ಣಿಮಾಗೆ ಆಗ ಒಂದೂವರೆ ವರ್ಷ. ಗುಂಡುಗುಂಡಾದ ಕೂಸು. ಅಂಗಳದ ತುಂಬ ಓಡಾಡುತ್ತಿದ್ದಳು, ಕರುವಿನ ಬಾಲ ಹಿಡಿದು ನಗುತ್ತಿದ್ದಳು. ಆದರೆ ಬಾಯಲ್ಲಿ ‘ಅವ್ವ’ ಎಂಬ ಒಂದು ಮಾತೂ ಬಂದಿರಲಿಲ್ಲ. ಜ್ಯೋತಿಗೆ ಒಳಗೊಳಗೇ ದಿಗಿಲು. ಮುದಕವ್ವ ಮಾತ್ರ ಜಗ್ಗಲಿಲ್ಲ.

“ಇವರಪ್ಪ ಪುಂಡಲೀಕ ಮೂರು ವರ್ಷಕ್ಕ ಬಾಯಿ ಬಿಟ್ಟಾನ. ಈಗ ನೋಡು, ಮುಚ್ಚಸಾಕ ಆಗವಲ್ದು!” ಎಂದು ನಕ್ಕುಬಿಡುತ್ತಿದ್ದಳು.

ಅಂಥ ಹೊತ್ತಿಗೆ ಅಂಗನವಾಡಿಯ ನಿರ್ಮಲಾ ಒಂದು ಪ್ರಶ್ನೆಗಳ ಹಾಳೆ ಕೊಟ್ಟು ಹೋದಳು. ಕೂಸಿನ ವಯಸ್ಸಿಗೆ ತಕ್ಕ ಪ್ರಶ್ನೆಗಳು. ಒಂದೊಂದನ್ನೂ ಕೂಸಿನ ಜೊತೆ ಮಾಡಿ ನೋಡಿ, ‘ಹೌದು’, ‘ಕೆಲವೊಮ್ಮೆ’, ‘ಇನ್ನೂ ಇಲ್ಲ’ ಎಂದು ಗುರುತು ಹಾಕಬೇಕು. ಮುದಕವ್ವ ಮಾಡಿದ್ದೇನು? ಮಗ ಊಟಕ್ಕೆ ಕೂತಾಗ ಅವನ ಕೈಗೆ ಪೆನ್ನು ಕೊಟ್ಟು, ಮೇಲಿಂದ ಕೆಳಗಿನವರೆಗೆ ‘ಹೌದು’ ಹಾಕಿಸಿದಳು.

ಮರುದಿನ ನಿರ್ಮಲಾ ಬಂದಾಗ ನಾನೂ ಅಲ್ಲೇ ಕೂತು ಗೋವಿನಜೋಳ ಬಿಡಿಸುತ್ತಿದ್ದೆ.

“ಏನ್ರಿ ಅಮ್ಮಾ, ‘ಒಂದೆರಡು ಮಾತು ಆಡ್ತದೇನು’ ಅಂದದ್ದಕ್ಕೂ ಹೌದು?”

“ಮತ್ತ? ಕೂಸಿನ ಹೆಸರಿನ ಹಾಳ್ಯಾಗ ಇಲ್ಲ ಇಲ್ಲ ಅಂತ ಬರಸ್ಲೇನು? ಇವತ್ತಲ್ಲಾ ನಾಳಿ ಮಾತಾಡ್ತಾಳ. ನಾಳಿನ ಹೌದು ಇವತ್ತ ಬರಿಸೇನಿ.”

ಬೇರೆ ಯಾರಾದರೂ ಆಗಿದ್ದರೆ ಗದರಿಸುತ್ತಿದ್ದರು. ನಿರ್ಮಲಾ ನಕ್ಕು, ಮಂಚದ ಅಂಚಿಗೆ ಕೂತಳು. ಆ ಹುಡುಗಿಯ ತಾಳ್ಮೆಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

“ಇದು ಪರೀಕ್ಷಾ ಅಲ್ರಿ, ಪಾಸು ಫೇಲು ಇಲ್ಲ. ಡಾಕ್ಟರ್ ಐದು ನಿಮಿಷ ನೋಡ್ತಾರ. ನೀವು ಮುಂಜಾನಿಂದ ಸಂಜಿತನಕ ಕೂಸಿನ ಜೋಡಿ ಇರ್ತೀರಿ. ನಿಮ್ಮಷ್ಟು ಯಾರಿಗೆ ಗೊತ್ತಿರ್ತೈತಿ? ಅದಕ್ಕ ನಿಮ್ಮನ್ನ ಕೇಳೂದು.”

ಈ ಮಾತು ಮುದಕವ್ವನಿಗೆ ಹಿಡಿಸಿತು. “ಹಂಗಂದ್ರ ಕೇಳು” ಎಂದಳು.

“ಹೆಸರು ಕರದ್ರ ತಿರುಗಿ ನೋಡ್ತಾಳ್ರಿ?”

ಪೂರ್ಣಿಮಾ ಅದೇ ಮಂಚದ ಇನ್ನೊಂದು ತುದಿಯಲ್ಲಿ ನಮಗೆ ಬೆನ್ನು ಮಾಡಿ ಲೋಟದ ಜೊತೆ ಆಡುತ್ತಿದ್ದಳು. ಮುದಕವ್ವ ಅಂಗೈಯಿಂದ ಮಂಚವನ್ನು ದಪದಪ ಬಡಿದು, “ಪುಣ್ಣವ್ವಾ, ಬಾ ಇಲ್ಲಿ!” ಎಂದಳು. ಕೂಸು ಗಕ್ಕನೆ ತಿರುಗಿ ನಕ್ಕಿತು.

“ಆತಿಲ್ಲೋ?”

ಗುರುತು ಹಾಕಲು ಹೋದ ನಿರ್ಮಲಾ ಪೆನ್ನು ತಡೆದಳು. “ಇನ್ನೊಮ್ಮೆ ಕರೀರಿ. ಈ ಸಲ ಮಂಚ ಬಡೀಬ್ಯಾಡ್ರಿ. ಕೈ ಉಡ್ಯಾಗ ಇಟ್ಕೋರಿ.”

ಮುದಕವ್ವ ಕರೆದಳು. ಕೂಸು ತಿರುಗಲಿಲ್ಲ. ಮತ್ತೆ ಕರೆದಳು. ಮೂರನೇ ಸಲದ ಕೂಗಿಗೆ ಕೊಟ್ಟಿಗೆಯ ಎಮ್ಮೆ ತಲೆ ಎತ್ತಿತು. ಪೂರ್ಣಿಮಾ ಲೋಟ ಉರುಳಿಸುತ್ತಲೇ ಇದ್ದಳು.

ಬಾಗಿಲಲ್ಲಿ ನಿಂತಿದ್ದ ಜ್ಯೋತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುದಕವ್ವ ಹೆಸರು ಕರೆಯದೆ ಮಂಚವನ್ನೊಮ್ಮೆ ಬಡಿದಳು. ಕೂಸು ತಿರುಗಿತು.

“ಹಂಗಾದ್ರ ಇಷ್ಟು ದಿವಸ ಅಕಿ ನನ್ನ ದನಿ ಕೇಳೇ ಇಲ್ಲೇನು? ಮಂಚ ಅಳ್ಳಾಡಿದ್ದಕ್ಕ ತಿರುಗ್ತಿದ್ಲೇನು?”

“ನನಗೂ ಗೊತ್ತಿಲ್ರಿ. ಈ ಹಾಳಿ ರೋಗ ಹೇಳೂದಿಲ್ಲ, ತೋರಿಸ್ಬೇಕು ಅಂತಷ್ಟ ಹೇಳ್ತೈತಿ. ಕಿವಿ ತೋರಿಸೂಣು. ಲಗೂನ ತಿಳದ್ರ ಲಗೂನ ದಾರಿ ಸಿಗ್ತೈತಿ. ಕಾಯ್ಕೋತ ಕುಂತ್ರ ಮಾತು ಕಲಿಯೂ ಒಳ್ಳೇ ಹೊತ್ತು ಹೋಗಿಬಿಡ್ತೈತಿ.”

ಹಾಳೆಯಲ್ಲಿ ಈಗ ‘ಇಲ್ಲ’ ಎಂದು ಬರೆಸಬೇಕಿತ್ತು. ಆ ಮನೆಯಲ್ಲಿ ಆ ಮಾತನ್ನು ಆಡುವವರಾದರೂ ಯಾರು? ಕಡೆಗೆ ಮುದಕವ್ವನೇ ಕಣ್ಣು ಒರೆಸಿಕೊಂಡು ನೆಟ್ಟಗೆ ಕೂತಳು.

“ಪೆನ್ನು ಹಿಡಿ ನಿರ್ಮಲಾ. ಇಲ್ಲ ಅಂತ ಬರಿ.”

ಮೊದಲಿಂದ ಎಲ್ಲ ಪ್ರಶ್ನೆ ಕೇಳಿಸಿಕೊಂಡಳು. ಕೈ ಉಡಿಯಲ್ಲಿಟ್ಟುಕೊಂಡು, ಒಂದೊಂದನ್ನೂ ಕೂಸಿನ ಜೊತೆ ಮಾಡಿ ನೋಡಿ ಉತ್ತರ ಹೇಳಿದಳು. “ಮಾತು? ಇನ್ನೂ ಇಲ್ಲ, ಬರಿ. ತಾನಾಗೇ ನಡೀತಾಳೇನು? ಹೌದು! ಅದನ್ನ ದಪ್ಪಗೆ ಬರಿ.” ಎಪ್ಪತ್ತು ವರ್ಷದ ನೇಮವನ್ನು ಮೊಮ್ಮಗಳಿಗಾಗಿ ಮುರಿದ ಆಕೆಯನ್ನು ನೋಡಿ ನನಗೆ ಹೆಮ್ಮೆಯಾಯಿತು. ಅದನ್ನು ಆಕೆಗೆ ಹೇಳಲಿಲ್ಲ. ಹೇಳಿದ್ದರೆ ತಲೆಯ ಮೇಲೆ ಕೂರುತ್ತಿದ್ದಳು.

ಆ ವಾರವೇ ಎಲ್ಲರೂ ಹಳಿಯಾಳದ ಆಸ್ಪತ್ರೆಗೆ ಹೋದರು. ಅಲ್ಲಿಂದ ಕಿವಿಯ ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಿದರು. ಎರಡೂ ಕಿವಿ ಮಂದ ಎಂದು ತಿಳಿಯಿತು. ಪುಂಡಲೀಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಪೂರ್ಣಿಮಾಳ ಕಿವಿಗೆ ಪುಟ್ಟ ಯಂತ್ರ ಬಂತು. ಮಾತು ಕಲಿಸುವವರ ಹತ್ತಿರ ಓಡಾಟ ಶುರುವಾಯಿತು. ಅವರು ಹೇಳಿಕೊಟ್ಟದ್ದನ್ನು ಜ್ಯೋತಿ ದಿನವೂ ಮನೆಯಲ್ಲಿ ಮಾಡಿಸಿದಳು. ತಿಂಗಳುಗಟ್ಟಲೆ ಏನೂ ಕಾಣಲಿಲ್ಲ, ಅವಳು ಬಿಡಲಿಲ್ಲ.

ಮೊನ್ನೆ ಹೆಪ್ಪಿಗೆ ಮೊಸರು ಕೇಳಲು ಹೋಗಿದ್ದೆ. ಪೂರ್ಣಿಮಾ ಬೆನ್ನು ಮಾಡಿ ಕೂತಿದ್ದಳು. ಮುದಕವ್ವ ನನಗೆ ಸುಮ್ಮನಿರು ಎಂದು ಸನ್ನೆ ಮಾಡಿ, ಕೈ ಉಡಿಯಲ್ಲಿಟ್ಟುಕೊಂಡು ಮೆಲ್ಲಗೆ ಕರೆದಳು: “ಪುಣ್ಣವ್ವಾ.”

ಕೂಸು ತಿರುಗಿ, “ಆಂ?” ಎಂದಿತು.

ಮುದಕವ್ವ ಕೂಸನ್ನು ಉಡಿಗೆ ಎಳೆದುಕೊಂಡಳು. “ನಿರ್ಮಲಾನ್ನ ಕರಿಯವಾ,” ಎಂದಳು ನನಗೆ. “ಹಾಳಿ ತರಾಕ ಹೇಳು. ಈಗ ಖರೇನ ಹೌದು ಐತಿ.”

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಗೂ ಇಂಥ ಹಾಳೆ ಬಂದರೆ ಕೂಸನ್ನು ಹತ್ತಿರ ಕೂರಿಸಿಕೊಂಡು, ಮಾಡಿ ನೋಡಿ, ಆಮೇಲೆ ಉತ್ತರ ಹೇಳಿ. ಹಾಳೆ ಬರದಿದ್ದರೆ ನೀವೇ ಅಂಗನವಾಡಿಗೆ ಹೋಗಿ ಕೇಳಿ. ನಡಿಗೆ, ಮಾತು, ನೋಟ, ಆಟ, ಯಾವುದರಲ್ಲಿ ಅನುಮಾನ ಬಂದರೂ ಕಾಯಬೇಡಿ, ತೋರಿಸಿ. ಅಕ್ಕಿ ಮುಗಿದಾಗ ಹೆಚ್ಚಾಯಿತು ಎನ್ನಿ, ಯಾರೂ ಬೇಡ ಎನ್ನುವುದಿಲ್ಲ. ಕೂಸಿನ ವಿಷಯದಲ್ಲಿ ಮಾತ್ರ ಇಲ್ಲದ್ದನ್ನು ಇಲ್ಲ ಎಂದೇ ಹೇಳಿ.