ಇಬ್ಬರಲ್ಲಿ ಯಾರಾದರೊಬ್ಬರು

ಬ್ಯಾಂಕಿನ ಬೆಂಚಿನ ಮೇಲೆ ಕೂತ ಸ್ವಲ್ಪ ಹೊತ್ತಿಗೇ ಅವನಿಗೆ ನಿದ್ದೆ ಹತ್ತಿತು. ರಾತ್ರಿಯೆಲ್ಲ ಬ್ರೆಡ್ ಕಾರ್ಖಾನೆಯ ಒಲೆಯ ಮುಂದೆ ನಿಂತು, ಬೆಳಿಗ್ಗೆ ಮುಖ ತೊಳೆದುಕೊಂಡು ನೇರ ಇಲ್ಲಿಗೇ ಬಂದವನು. ಕಿವಿಯ ಹಿಂದೆ ಹಿಟ್ಟು ಹಾಗೇ ಉಳಿದಿತ್ತು. ತಲೆ ಮೊದಲು ಮುಂದಕ್ಕೆ ತೂಗಿತು, ಆಮೇಲೆ ಪಕ್ಕಕ್ಕೆ ವಾಲಿ ಹೆಂಡತಿಯ ಹೆಗಲಿಗೆ ಒರಗಿತು. ಅವಳು ಅಲುಗಾಡಲಿಲ್ಲ. ಎದುರಿಗೆ ಕೂತಿದ್ದ ಮುದುಕ ನೋಡಿ ನಕ್ಕಾಗ ಅವಳಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ನೋಡಿದರೆ ನೋಡಲಿ, ಗಂಡ ತಾನೇ.

ಹಗಲು ಬೆಳಕಿನಲ್ಲಿ ಅವನನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ಅವಳದು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಹಗಲು ಕೆಲಸ. ಅವಳು ಹೊರಡುವ ಹೊತ್ತಿಗೆ ಅವನು ಬರುತ್ತಿದ್ದ, ಅವಳು ಬರುವ ಹೊತ್ತಿಗೆ ಅವನು ಹೊರಡುತ್ತಿದ್ದ. ಬಾಗಿಲಲ್ಲಿ ಎದುರಾದಾಗ ಆಡಿದ್ದೇ ಸಂಸಾರದ ಮಾತು: ಗ್ಯಾಸ್ ಮುಗೀತು, ನಲ್ಲಿ ಸೋರ್ತಿದೆ, ಹುಷಾರು. ಇದ್ದ ಒಂದು ಹಾಸಿಗೆಯಲ್ಲಿ ಇಬ್ಬರೂ ಸರದಿಯ ಮೇಲೆ ಮಲಗುತ್ತಿದ್ದರು. ಅದು ತಣ್ಣಗಾಗಲು ಪುರಸೊತ್ತೇ ಇರಲಿಲ್ಲ, ಆದರೂ ಮಲಗಿದಾಗ ಅವಳು ಒಬ್ಬಳೇ. ವಾರದ ರಜೆಯೂ ಅಷ್ಟೇ, ಅವಳದು ಭಾನುವಾರ, ಅವನದು ಬುಧವಾರ.

ಬ್ಯಾಂಕಿನಲ್ಲಿ ಇಬ್ಬರ ಹೆಸರಲ್ಲೂ ಒಂದು ಖಾತೆ ತೆರೆಯುವ ಹುಳ ಅವಳ ತಲೆಗೆ ಹೊಕ್ಕದ್ದು ಲಾಂಡ್ರಿಯಲ್ಲಿ. ಅಲ್ಲಿ ದೊಡ್ಡ ಚಾದರಗಳನ್ನು ಇಬ್ಬರು ಎದುರುಬದುರು ಹಿಡಿದು ಮಡಿಸಬೇಕು. ಅವಳಿಗೆ ಜೋಡಿಯಾಗಿದ್ದವಳು ಎಲ್ಲರೂ ಉದ್ದಕ್ಕ ಎಂದು ಕರೆಯುವ, ಬಾಗಿಲಷ್ಟು ಎತ್ತರದ ಹೆಂಗಸು. ಚಾದರದ ತುದಿ ಹಿಡಿದು ಹತ್ತಿರ ಬಂದಾಗಲೆಲ್ಲ ಉದ್ದಕ್ಕನ ಬಾಯಿಂದ ಗಂಡನ ಮೇಲೊಂದು ದೂರು ಬರುತ್ತಿತ್ತು.

"ನಮ್ಮ ಅಕೌಂಟಿಗೆ ಇಬ್ಬರ ಸಹಿನೂ ಬೇಕು ಕಣೇ. ಪುಡಿಗಾಸು ಬೇಕಂದ್ರೂ ಆ ಮನುಷ್ಯನ್ನ ಎಳ್ಕೊಂಡು ಹೋಗ್ಬೇಕು. ದಾರೀಲೆಲ್ಲ ಜಗಳ, ಬ್ಯಾಂಕಲ್ಲಿ ಜಗಳ. ಆಮೇಲೆ ಹೊಟ್ಟೆ ಹಸೀತು ಅಂತ ಇಬ್ರೂ ಹೋಟ್ಲಿಗೆ ಹೋಗೋದು, ಅಲ್ಲಿ ಬಿಲ್ಲು ನೋಡಿ ಇನ್ನೊಂದು ಜಗಳ. ಅರ್ಧ ದಿನ ಹಾಳು!"

ಸುತ್ತ ಇದ್ದವರು ಅಯ್ಯೋ ಪಾಪ ಎಂದರು. ಅವಳಿಗೆ ಮಾತ್ರ ಹೊಟ್ಟೆಕಿಚ್ಚಾಯಿತು. ಗಂಡನ ಜೊತೆ ಅರ್ಧ ದಿನ ಹಾಳುಮಾಡುವ ಭಾಗ್ಯ ಯಾರಿಗುಂಟು! ಅಂದಿನಿಂದ ಜಂಟಿ ಖಾತೆ, ಜಂಟಿ ಖಾತೆ ಎಂದು ಜಪ ಹಿಡಿದಳು. ಬಾಡಿಗೆ, ಕರೆಂಟು ಬಿಲ್ಲು ಎಲ್ಲ ಒಂದೇ ಕಡೆಯಿಂದ ಕಟ್ಟಿದರೆ ಸಲೀಸು ಎಂದು ಬಾಗಿಲಲ್ಲೇ ಗಂಡನನ್ನು ಒಪ್ಪಿಸಿದಳು. ಅಸಲು ಕಾರಣವನ್ನು ಬಾಗಿಲಲ್ಲಿ ನಿಂತು ಹೇಳುವುದು ಹೇಗೆ? ಇವತ್ತು ಇಡೀ ದಿನ ರಜೆ ಹಾಕಿದ್ದನ್ನೂ ಅವಳು ಹೇಳಿರಲಿಲ್ಲ. ಕೆಲಸ ಮುಗಿದ ಮೇಲೆ ಹೇಳಿ ಅವನ ಮುಖ ನೋಡಬೇಕೆಂದಿದ್ದಳು.

"ರೀ, ಏಳಿ. ನಮ್ಮ ನಂಬರು."

"ಸೀದುಹೋಯ್ತಾ?" ಎಂದು ಅವನು ಗಡಬಡಿಸಿ ಎದ್ದ. ಮುದುಕ ಮತ್ತೆ ನಕ್ಕ.

ಕೌಂಟರಿನ ಹುಡುಗಿ ಚುರುಕಾಗಿದ್ದಳು. ಇಬ್ಬರ ಫೋಟೋಗಳಿಗೂ ಅಂಟು ಸವರಿ ಪಕ್ಕಪಕ್ಕಕ್ಕೆ ಒತ್ತಿದಳು. "ಖಾತೆ ನಡೆಸೋದು ಹೇಗೆ? ಇಬ್ಬರಲ್ಲಿ ಯಾರಾದರೊಬ್ಬರು ಸಹಿ ಹಾಕಿದ್ರೆ ಸಾಕಾ, ಪ್ರತಿ ಸಲ ಇಬ್ಬರೂ ಹಾಕ್ಬೇಕಾ?"

"ಇಬ್ಬರೂ," ಎಂದಳು ಅವಳು.

"ಯಾರಾದರೊಬ್ಬರು," ಎಂದ ಅವನು.

ಎರಡು ಮಾತೂ ಒಟ್ಟಿಗೇ ಬಿದ್ದವು. ಹುಡುಗಿ ಪೆನ್ನು ಎತ್ತಿ ಹಿಡಿದು ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. "ಇಬ್ಬರೂ ಅಂದ್ರೆ ಕಷ್ಟ ಮೇಡಂ. ಕಾರ್ಡೂ ಕೊಡಲ್ಲ. ದುಡ್ಡು ಬೇಕಾದಾಗೆಲ್ಲ ಇಬ್ಬರೂ ಇಲ್ಲಿಗೇ ಬರ್ಬೇಕಾಗುತ್ತೆ."

"ಬರ್ತೀವಿ."

"ಎಲ್ಲಿ ಬರ್ತೀವೇ? ನಾನು ಮಲಗೋದು ಯಾವಾಗ?" ಅವನು ನಕ್ಕ. ಹೆಂಡತಿ ನಗದಿದ್ದುದನ್ನು ನೋಡಿ ಅವನ ನಗುವೂ ಸಣ್ಣಗಾಯಿತು. "ಯಾಕೆ, ನಾನೊಬ್ಬನೇ ಬಂದು ಎಲ್ಲ ಬಳ್ಕೊಂಡು ಹೋಗ್ತೀನಿ ಅಂತ ಭಯಾನಾ?" ತಮಾಷೆಗೇ ಅಂದ ಮಾತು, ಆದರೆ ಪೂರ್ತಿ ತಮಾಷೆಯಾಗಿರಲಿಲ್ಲ. ಅದು ಅವಳಿಗೆ ಗೊತ್ತಾಯಿತು.

"ಛೇ, ಹಾಗಲ್ಲ ರೀ."

"ಮತ್ತೆ?"

ಹಿಂದೆ ಜನ ಕಾಯುತ್ತಿದ್ದರು. ನಿಮ್ಮ ಪಕ್ಕ ಕೂರಲು ನನಗೊಂದು ನೆಪ ಬೇಕು ಎಂದು ಕೌಂಟರಿನ ಮುಂದೆ ನಿಂತು ಯಾರು ಹೇಳುತ್ತಾರೆ? ಮದುವೆಯಾದ ಹೊಸತರಲ್ಲಾದರೆ ಹೇಳಬಹುದಿತ್ತೇನೋ. "ಸುಮ್ನೆ ಅಂದೆ. ನಿಮ್ಮಿಷ್ಟ," ಎಂದಳು.

ಅವನ ಮುಖ ತಿಳಿಯಾಯಿತು. "ನೋಡು, ನಿನಗೆ ಬೇಕಾದಾಗ ಬಾ, ತಗೊಂಡು ಹೋಗು. ನನ್ನನ್ನ ಕೇಳ್ಬೇಡ, ಕಾಯ್ಬೇಡ. ಎಲ್ಲ ನಿಂದೇ ಅಂದ್ಕೋ."

ಆ ಮಾತಿನಲ್ಲಿ ಪ್ರೀತಿಯಿತ್ತು, ಇಲ್ಲ ಎನ್ನುವಂತಿಲ್ಲ. ಉದ್ದಕ್ಕನ ಗಂಡ ಹೀಗೆ ಅಂದಿದ್ದರೆ ಲಾಂಡ್ರಿಯಲ್ಲಿ ಒಂದು ವಾರ ಅದೇ ಸುದ್ದಿಯಾಗುತ್ತಿತ್ತು. ಅವಳು ಮಾತ್ರ ಅವನ ಕಡೆ ನೋಡದೆ ಪೆನ್ನು ತೆಗೆದುಕೊಂಡಳು. ಹುಡುಗಿ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು.

ಹೊರಗೆ ಬಿಸಿಲು ಚುರುಕಾಗಿತ್ತು. "ಒಂದು ಕಾಫಿ ಕುಡಿಯೋಣ್ವಾ?" ಎಂದಳು.

"ಕಾಫಿ ಕುಡಿದ್ರೆ ನನಗೆ ನಿದ್ದೆ ಬರಲ್ಲ ಕಣೇ. ಸಂಜೆ ಮತ್ತೆ ಒಲೆ ಮುಂದೆ ನಿಲ್ಬೇಕು." ಅವನು ಕಣ್ಣುಜ್ಜಿಕೊಂಡ. "ನಿನಗೂ ಕೆಲಸಕ್ಕೆ ಹೊತ್ತಾಗುತ್ತಲ್ಲ?"

ಕೆಂಪಗಾಗಿದ್ದ ಆ ಕಣ್ಣುಗಳನ್ನು ನೋಡಿದ ಮೇಲೆ ರಜೆಯ ಮಾತು ಅವಳ ಬಾಯಿಗೆ ಬರಲಿಲ್ಲ. "ಹೂಂ," ಎಂದಳು. ಮನೆಯ ಕಡೆಯ ಬಸ್ಸು ಬಂತು. ಅವನು ಹತ್ತಿ ಕಿಟಕಿಯ ಪಕ್ಕ ಕೂತು ಕೈ ಎತ್ತಿದ. ಬಸ್ಸು ತಿರುವು ದಾಟುವ ಮೊದಲೇ ಅವನ ತಲೆ ಕಿಟಕಿಗೆ ಒರಗಿತ್ತು.

ಅವಳು ಮತ್ತೆ ಬ್ಯಾಂಕಿನ ಒಳಕ್ಕೆ ಹೋದಳು. ಕೌಂಟರ್ ಖಾಲಿಯಾಗುವವರೆಗೆ ಗೋಡೆಯ ಪಕ್ಕ ನಿಂತಿದ್ದು, ಹತ್ತಿರ ಹೋಗಿ ಕೇಳಿದಳು. "ಆಗ ಮಾಡಿದ್ದನ್ನ ಬದಲಾಯಿಸೋಕೆ ಆಗುತ್ತಾಮ್ಮಾ? ಇಬ್ಬರ ಸಹಿನೂ ಬೇಕು ಅಂತ?"

ಹುಡುಗಿ ತಲೆಯೆತ್ತಿದಳು. ದನಿ ತಗ್ಗಿಸಿ, "ಯಾಕೆ ಮೇಡಂ, ಏನಾದ್ರೂ ತೊಂದರೆನಾ? ಸಾರ್ ಕುಡೀತಾರಾ?" ಎಂದಳು.

"ಅಯ್ಯೋ, ಇಲ್ಲಮ್ಮ. ಅವರು ಅಪ್ಪಟ ಚಿನ್ನ."

"ಮತ್ಯಾಕೆ? ಬದಲಾಯಿಸಬಹುದು ಮೇಡಂ. ಆದ್ರೆ ಅದಕ್ಕೆ ಇಬ್ಬರೂ ಬಂದು ಸಹಿ ಹಾಕ್ಬೇಕು."

ಅವಳಿಗೆ ನಗು ಬಂತು. ಬಂದ ನಗು ಬೇಗ ನಿಲ್ಲಲೂ ಇಲ್ಲ. ಹುಡುಗಿ ಗಾಬರಿಯಿಂದ ನೋಡುತ್ತಿದ್ದುದನ್ನು ಕಂಡು, "ಹೋಗ್ಲಿ ಬಿಡಮ್ಮ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗೆ ಬಂದಳು.

ಲಾಂಡ್ರಿಗೆ ಹೋದರೆ ಉದ್ದಕ್ಕ ನೂರೆಂಟು ಪ್ರಶ್ನೆ ಕೇಳುತ್ತಾಳೆ. ಅಂಗಡಿಗಳನ್ನು ನೋಡುತ್ತ ಒಂದಿಷ್ಟು ಅಡ್ಡಾಡಿದಳು, ಏನೂ ಕೊಳ್ಳಲಿಲ್ಲ. ಕಾಲು ಸೋತ ಮೇಲೆ ಮನೆಗೇ ಬಂದಳು. ಬಾಗಿಲ ಹೊರಗೆ ನಿಂತರೆ ಒಳಗಿನ ಗೊರಕೆ ಕೇಳಿಸುತ್ತಿತ್ತು. ಬೀಗ ತಿರುಗಿಸಿ ಭುಜ ಕೊಟ್ಟು ನೂಕಿದರೇ ತೆರೆಯುವ ಬಾಗಿಲು ಅದು. ನೂಕಿದರೆ ಮನೆಯೆಲ್ಲ ಅದುರುತ್ತದೆ. ಅವಳು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತಳು. ಗೊರಕೆ ಒಮ್ಮೆ ತಡೆಯಿತು. ಅವಳು ಉಸಿರು ಬಿಗಿಹಿಡಿದಳು. ಮತ್ತೆ ಶುರುವಾಯಿತು.

ತರಕಾರಿ ಚೀಲ ಹಿಡಿದು ಮೇಲಿನ ಮನೆಯಾಕೆ ಹತ್ತಿ ಬಂದಳು. "ಇದೇನ್ರೀ, ಇಲ್ಲಿ ಕೂತಿದೀರಾ? ಮನೇಲಿ ಯಾರೂ ಇಲ್ವಾ?"

"ಇದಾರೆ. ಮಲಗಿದಾರೆ."

"ಬೀಗದ ಕೈ ಮರೆತು ಹೋಗಿದ್ರಾ?"

"ಇಲ್ಲ, ಇದೆ," ಎಂದು ಅವಳು ಗೋಡೆಯ ಕಡೆಗೆ ಸರಿದು ಆಕೆಗೆ ದಾರಿ ಬಿಟ್ಟಳು.