ಒಣ ದಾರದ ಹೊಲಿಗೆ

ಐದನೆಯ ಅಂಗಡಿಯವನೂ ನಕ್ಕುಬಿಟ್ಟ. ಇಂಥ ಕೆಂಪು ತೊಗಲಿನ ಸೀಟಿಗೆ ಜನ ಜೀವ ಬಿಡುತ್ತಾರೆ, ನೀವು ಕಿತ್ತುಹಾಕು ಅನ್ನುತ್ತೀರಲ್ಲ ಎಂದು ಮರಾಠಿಯಲ್ಲಿ ಅಂದು, ಚಹಾ ಕುಡಿಯುತ್ತ ಕೂತ. ಪಾಯಪ್ಪ ಬಗಲಲ್ಲಿದ್ದ ಬಟ್ಟೆಯ ಗಂಟು ಎತ್ತಿಕೊಂಡು ರಸ್ತೆಗಿಳಿದ. ಪುಣೆಯಂಥ ಊರಿನಲ್ಲಿ ಮೋಟಾರಿನ ರೂಪ ಬದಲಿಸುವವರಿಗೇನು ಬರವೇ? ಅವನಿಗೆ ಬೇಕಾದವನು ಮಾತ್ರ ಸಿಗಲೊಲ್ಲ!

ರಬಕವಿಯಲ್ಲಿ ಮಗ್ಗ ನಡೆಸುವ ಪಾಯಪ್ಪ ಜಮಖಂಡಿಯ ವಕೀಲರೊಬ್ಬರ ಹಳೆಯ ಮೋಟಾರು ಕೊಂಡದ್ದೇ ಅವ್ವನ ಸಲುವಾಗಿ. ಇನ್ನು ಹನ್ನೆರಡು ದಿನಕ್ಕೆ ಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ. ಮೊಣಕಾಲು ಹೋದ ಬ್ರಾಹ್ಮವ್ವ ಬಸ್ಸು ಹತ್ತುವ ಹಾಗಿಲ್ಲ, ಮುಂದಿನ ಅಭಿಷೇಕದವರೆಗೆ ಬದುಕುವ ಭರವಸೆಯೂ ಇಲ್ಲ. ಮೋಟಾರು ಬಾಗಿಲಿಗೆ ಬಂದ ದಿನ ಸೀಟು ಮುಟ್ಟಿದವಳೇ ಕೈ ಹಿಂದೆಳೆದುಕೊಂಡಿದ್ದಳು.

"ಸತ್ತ ಜೀವದ ತೊಗಲ ಮ್ಯಾಲ ಕುಂತು ಬಾಹುಬಲಿ ಕಡೆ ಹೋಗೂದೇನೋ ಪಾಯಪ್ಪಾ?"

ಕೊಳ್ಳುವಾಗ ಪಾಯಪ್ಪ ಇಂಜಿನ್ನು ನೋಡಿದ, ಟೈರು ಒದ್ದು ನೋಡಿದ, ಇದೊಂದನ್ನು ನೋಡಲಿಲ್ಲವಲ್ಲ, ಎಂಥ ಮಬ್ಬ!

"ಊರಿಗೆ ಹೋಗೂಣು ನಡೀರಿ ಸಾವ್ಕಾರ," ಅಂದ ಡ್ರೈವರ್ ಧರೆಪ್ಪ, ತನ್ನ ಕಾಲಲ್ಲಿದ್ದ ಹೊಸ ಕೊಲ್ಲಾಪುರಿ ತೊಗಲ ಜೋಡಿನ ಧೂಳು ಒರೆಸುತ್ತ. ಅಷ್ಟರಲ್ಲಿ ಪಕ್ಕದ ಓಣಿಯಿಂದ ಒಂದು ದನಿ ಬಂತು:

"ಥೂ ಇದರ, ಮತ್ತ ಸೂಜಿ ಮುರೀತಲ್ಲೋ ಯಪ್ಪಾ!"

ತಮ್ಮ ಕಡೆಯ ಮಾತು ಕೇಳಿ ಪಾಯಪ್ಪ ಓಡಿಯೇಬಿಟ್ಟ. ಬಿಚ್ಚಿದ ಮೋಟಾರು ಸೀಟುಗಳ ನಡುವೆ ಒಬ್ಬ ಕೂತಿದ್ದ.

"ಯಾ ಊರ್ರೀ ನಿಮ್ಮದು?"

"ಗಲಗಲಿ. ಭೀಮಪ್ಪ ಅಂತಾರ. ಯಾಕ್ರೀ?"

ಕಥೆಯೆಲ್ಲ ಕೇಳಿ ಭೀಮಪ್ಪ ನಗಲಿಲ್ಲ. ಸೀಟು ಹರಿದ. ತೊಗಲಿನ ಕೆಳಗಿಂದ ಕರಿ ಕೂದಲಿನ ಗಂಟು ಹೊರಬಿತ್ತು.

"ಕುದರಿ ಕೂದಲರೀ. ಇದು ನಡೀತೈತೇನು?"

"ಅಯ್ಯಯ್ಯ, ತಗೀರಿ! ಎಲ್ಲಾ ತಗೀರಿ!"

ಹತ್ತಿ ತುಂಬಿ, ಮೇಲೆ ಪಾಯಪ್ಪ ತಂದ ತನ್ನ ಮಗ್ಗದ್ದೇ ದಪ್ಪ ಬಟ್ಟೆ ಹಾಸಿದರು. ಭೀಮಪ್ಪ ಹೊಲಿಯಲೆಂದು ದಾರವನ್ನು ಮೇಣದ ಗಡ್ಡೆಗೆ ಉಜ್ಜಿದ್ದೇ ತಡ, ಪಾಯಪ್ಪ ಗಬಕ್ಕನೆ ಅವನ ಕೈ ಹಿಡಿದ.

"ಜೇನಮೇಣ ಅಲ್ಲೇನ್ರೀ ಅದು? ಬ್ಯಾಡ್ರಿ."

"ದಾರಾ ಸೈತ ನೋಡ್ತಾರೇನ್ರೀ ನಿಮ್ಮವ್ವಾರು?"

"ನೋಡೂದಿಲ್ಲ, ಕೇಳ್ತಾಳ. ಕೇಳಿದ್ರ ನನಗ ಸುಳ್ಳ ಹೇಳಾಕ ಬರೂದಿಲ್ಲ."

ಒಣ ದಾರ ಹತ್ತು ಸಲ ಹರಿಯಿತು, ಭೀಮಪ್ಪ ಹತ್ತು ಸಲ ಬೈದ. ಆದರೂ ಎರಡು ದಿನದಲ್ಲಿ ಮುಗಿಸಿಕೊಟ್ಟ.

ರಬಕವಿಯಲ್ಲಿ ಓಣಿಗೆ ಓಣಿಯೇ ಮೋಟಾರಿನ ಸುತ್ತ ನೆರೆಯಿತು. ಬ್ರಾಹ್ಮವ್ವ ಮೊದಲು ಸೀಟು ಒತ್ತಿದಳು, ಆಮೇಲೆ ಮೂಸಿದಳು.

"ಒಳಗೇನೈತಿ?"

"ಹತ್ತಿ, ಯವ್ವಾ."

"ದಾರಾ?"

"ಮೇಣ ಹಚ್ಚಿಲ್ಲ."

ಅವಳು ಮಗನ ಹೆಗಲು ಹಿಡಿದು ಒಂದು ಕಾಲಿಟ್ಟಳು. ಇನ್ನೊಂದು. ಕೂತಳು. ಕೂತಲ್ಲೇ ಒಮ್ಮೆ ಮೆಲ್ಲಗೆ ಪುಟಿದು ನೋಡಿ, ಬೊಚ್ಚುಬಾಯಿ ತುಂಬ ನಕ್ಕಳು.

"ನಮ್ಮ ಮಗ್ಗದ ಬಟ್ಟಿ ಅಲ್ಲೇನೋ ಇದು! ನಡೀ, ಇನ್ನ್ಯಾಕ ತಡ?"

ಪಾಯಪ್ಪನಿಗೆ ಖುಷಿಯಲ್ಲಿ ಬಾಗಿಲು ಹಾಕುವುದೂ ಮರೆತುಹೋಯಿತು. ಸ್ಟೇರಿಂಗ್ ಹಿಡಿದು ಕೂತಿದ್ದ ಧರೆಪ್ಪ ಯಾಕೋ ತನ್ನ ಕಾಲ ಕಡೆ ನೋಡಿಕೊಂಡ. ಯಾರೂ ಏನೂ ಅಂದಿರಲಿಲ್ಲ. ಸುಮ್ಮನೆ ಕೆಳಗಿಳಿದು ಹೋಗಿ, ಮತ್ತೆ ಬಂದು ಕೂತು ಗಾಡಿ ಬಿಟ್ಟ.

ತಿರುವಿನಲ್ಲಿ ಮೋಟಾರು ಮೂರು ಸಲ ಕೂಗಿ ಮರೆಯಾಯಿತು. ಪಾಯಪ್ಪನ ಮನೆಯ ಕಟ್ಟೆಯ ಕೆಳಗೆ ಹೊಸ ಕೊಲ್ಲಾಪುರಿ ಜೋಡು ಒಂದರ ಪಕ್ಕ ಒಂದು ನೆಟ್ಟಗೆ ನಿಂತಿದ್ದವು.